ಬುಧವಾರ ಒಪ್ಪಿದ ತಮ್ಮ, ಮಂಗಳವಾರ ಬರುವ ಡಾಕ್ಟರು

ಪಂಚಮಿಗೆ ತವರಿಗೆ ಹೋಗಿದ್ದೆ. ಹಬ್ಬದ ಮರುದಿನ ಬುಧವಾರ. ಬೆಳಗ್ಗೆ ಶೇಂಗಾ ಉಂಡಿಗಳನ್ನು ಡಬ್ಬಿಗೆ ತುಂಬುತ್ತಾ ಕೂತಿದ್ದೆ. ತಮ್ಮ ಬಂದು ಹೊಸ್ತಿಲ ಮೇಲೆ ಕೂತ. ನಡುಕ ಕಾಣಬಾರದು ಅಂತ ಎರಡೂ ಕೈಗಳನ್ನು ಮೊಣಕಾಲಿನ ನಡುವೆ ಒತ್ತಿ ಹಿಡಿದಿದ್ದ. ಸಿಟ್ಟಿಲ್ಲ, ನಾಟಕವಿಲ್ಲ. "ಅಕ್ಕಾ, ನಂಗ ಸಾಕಾಗ್ಯಾದ. ಎಲ್ಲಿಗಾರ ಕರ್ಕೊಂಡು ನಡಿ" ಅಂದ.

ಕುಡಿತದ ಚಿಕಿತ್ಸೆಗೆ ಒಪ್ಪುವ ಈ ಮಾತಿಗೆ ನಾನು ಆರು ವರ್ಷ ಕಾದಿದ್ದೆ. ಉಂಡಿ ಅಲ್ಲೇ ಬಿಟ್ಟೆ. ಅವನಿಗೆ ತೊಳೆದ ಅಂಗಿ ಹಾಕಿಸಿ ಒಂಬತ್ತೂವರೆ ಬಸ್ಸಿಗೆ ತಾಲ್ಲೂಕು ಆಸ್ಪತ್ರೆಗೆ ಹೋದೆ. ಚೀಟಿ ಬರೆಯುವವರು ಅವನ ಮುಖ ನೋಡಿದರು, ಕೈ ನೋಡಿದರು, ಆಮೇಲೆ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದರು. "ಮನಸ್ಸಿನ ಡಾಕ್ಟರ್ ಮಂಗಳವಾರ ಬರ್ತಾರ್ರೀ. ನಿನ್ನಿ ಬಂದಿದ್ರ ಆಗ್ತಿತ್ತು."

ನಿನ್ನೆ ಅವನು ಒಪ್ಪಿರಲಿಲ್ಲವಲ್ಲ.

ಅವರದೇನೂ ತಪ್ಪಿಲ್ಲ. ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ ಅಂತ ಒಂದು ಕಾರ್ಯಕ್ರಮ ಇದೆ. ಮಂಗಳವಾರ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಅದೂ ಇಲ್ಲದ ಕಾಲ ನೋಡಿದ್ದೇನೆ, ಹಾಗಾಗಿ ಬೈಯುವ ಮನಸ್ಸಿಲ್ಲ. ಆದರೆ ಕುಡಿಯುವವನ ಮನಸ್ಸು ವಾರದ ಲೆಕ್ಕದಲ್ಲಿ ತಿರುಗಲ್ಲ. ಅವನು "ಹೂಂ" ಅಂದ ಹೊತ್ತಿನಿಂದ ಮತ್ತೆ "ಬ್ಯಾಡ" ಅನ್ನುವ ಹೊತ್ತಿಗೆ ಹೆಚ್ಚೆಂದರೆ ಎರಡು ಮೂರು ದಿನ. ನಮಗೆ ವಾರ್ಡಿನಲ್ಲಿ ಮಂಚ ಸಿಕ್ಕಿದ್ದು ಹನ್ನೆರಡನೇ ದಿನ. ಆ ಹನ್ನೆರಡು ದಿನದ ಕಥೆ ಇದು, ಜೊತೆಗೆ ಅದರ ಬಾಲದಂತೆ ಬಂದ ಕೋರ್ಟಿನ ಕಥೆ.

ನಮ್ಮೂರು ಕಲಬುರಗಿ ಜಿಲ್ಲೆಯ ಗಡಿಯಲ್ಲಿದೆ. ಹೊಲ ದಾಟಿದರೆ ತೆಲಂಗಾಣ. ಈ ಕಡೆ ಸೇಂದಿ ಇಳಿಸೋದು, ಮಾರೋದು ಬಂದ್ ಆಗಿ ಎಷ್ಟೋ ವರ್ಷವಾಯಿತು. ಸಾರಾಯಿ 2007ರ ಜುಲೈ 1ಕ್ಕೆ ಬಂದ್ ಆಯಿತು. ಆ ಕಡೆ ಸೇಂದಿ ಅಂಗಡಿಗೆ ಸರ್ಕಾರದ ಲೈಸೆನ್ಸ್ ಇದೆ. ನಮ್ಮ ಹುಡುಗರು ಸಂಜೆ ಬೈಕ್ ಹತ್ತಿ ಹೋಗಿ ಬರುತ್ತಾರೆ. ಹೋಗಲಾಗದವರಿಗೆ ಬಿಸ್ಲೇರಿ ಬಾಟಲಿಯಲ್ಲಿ ಇಲ್ಲಿಗೇ ಬರುತ್ತದೆ. ಸುತ್ತ ಇರುವ ಈಚಲು ಮರ ಎಣಿಸಿದರೆ ಅಷ್ಟು ಸೇಂದಿ ಎಲ್ಲಿಂದ ಬರುತ್ತೆ ಅಂತ ಮಕ್ಕಳಿಗೂ ಅನುಮಾನ ಬರಬೇಕು. ನೀರಿಗೆ ಸಕ್ಕರೆ, ಸ್ಯಾಕರಿನ್, ಮತ್ತೆ ಸಿ.ಎಚ್. ಪೌಡರ್. ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್, ಹಿಂದಿನ ಕಾಲದಲ್ಲಿ ನಿದ್ದೆಗೆ ಕೊಡುತ್ತಿದ್ದ ಔಷಧ. ಅದರ ರುಚಿ ಹತ್ತಿದವನಿಗೆ ನಿಜವಾದ ಸೇಂದಿ ಕೊಟ್ಟರೆ ಮಜ್ಜಿಗೆ ಅಂತ ಉಗಿಯುತ್ತಾನೆ.

ನನ್ನ ತಮ್ಮ ಗಡಿಯಾಚೆಯ ತಾಂಡೂರಿನಲ್ಲಿ ಕಲ್ಲು ಪಾಲಿಶ್ ಕೆಲಸಕ್ಕೆ ಹೋದವನು ಅಲ್ಲೇ ಇದನ್ನು ಕಲಿತ. ಜೊತೆಗೆ ಗಾಂಜಾ. ಅಂಥ ಸೇಂದಿ ಕುಡಿದು ಕುಡಿದು ಮೈ ಹಾಳಾಗಿದ್ದಕ್ಕೆ ಯಾರೂ ಅವನನ್ನು ಏನೂ ಕೇಳಲಿಲ್ಲ. ಕಿಸೆಯಲ್ಲಿ ಮೂವತ್ತು ಗ್ರಾಂ ಗಾಂಜಾ ಸಿಕ್ಕಿದ್ದಕ್ಕೆ ಕೇಸು ಬಿತ್ತು. ಮೂತ್ರ ಪರೀಕ್ಷೆ ಮಾಡಿಸಿದರು, ಪಾಸಿಟಿವ್. ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ, 1985. ಸೇದಿದ್ದಕ್ಕೆ 27ನೇ ಕಲಂ, ಇಟ್ಟುಕೊಂಡಿದ್ದಕ್ಕೆ 20ನೇ ಕಲಂ. ಗಾಂಜಾದಲ್ಲಿ ಒಂದು ಕೆಜಿವರೆಗೆ ‘ಕಡಿಮೆ ಪ್ರಮಾಣ’ ಅಂತಲೇ ಲೆಕ್ಕ. ಒಂದು ವರ್ಷದವರೆಗೆ ಜೈಲು ಆಗಬಹುದು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಜಾಮೀನು ಅವತ್ತೇ ಸಿಕ್ಕಿತು. ಆದರೆ ಅವತ್ತಿನಿಂದ ಖಾಕಿ ಬಣ್ಣದ ಅಂಗಿ ಕಂಡರೂ ಸಾಕು, ಕರೆಂಟ್ ಬಿಲ್ ಕೊಡುವವನಾದರೂ ಸರಿ, ಇವನು ಹಿತ್ತಲಿಗೆ ಹೋಗಿಬಿಡುತ್ತಿದ್ದ.

ಗುರುವಾರ ಅವನನ್ನು ಕಲಬುರಗಿಗೆ, ನಮ್ಮ ಮನೆಗೆ ಕರೆದುಕೊಂಡು ಬಂದೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹನ್ನೆರಡೂವರೆ. ಹೊಸ ಚೀಟಿ ಬರೆಯೋದು ನಿಂತಿತ್ತು. ನಾಳೆ ಬೆಳಗ್ಗೆ ಬರೋಣ ಅಂತ ವಾಪಸಾದೆವು.

ರಾತ್ರಿ ಊಟಕ್ಕೆ ಕೂತವನು ರೊಟ್ಟಿ ಮುರಿಯಲಾಗದೆ ತಟ್ಟೆ ಸರಿಸಿದ. ಹತ್ತು ಗಂಟೆಗೆ ಗೋಡೆ ಒರೆಸೋಕೆ ಶುರು ಮಾಡಿದ. "ಇರುವಿ ಹರಿದಾಡ್ಲತ್ತಾವ ನೋಡು, ಒಳಗ ಬರ್ಲತ್ತಾವ." ಗೋಡೆ ಮೇಲೆ ಏನೂ ಇರಲಿಲ್ಲ. ಟೆಲಿ ಮಾನಸ್‌ಗೆ, ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ 14416ಕ್ಕೆ, ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಎಷ್ಟು ಹೊತ್ತಾಯಿತು ಕುಡಿದು, ಏನು ಕುಡಿಯುತ್ತಿದ್ದರು, ಹಿಂದೆ ಯಾವತ್ತಾದರೂ ಫಿಟ್ಸ್ ಬಂದಿತ್ತಾ ಅಂತ ಕೇಳಿದರು. ಮಂಗಳವಾರ ರಾತ್ರಿಯೇ ಕೊನೆ ಅಂದೆ. "ಹೀಗೆ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ ಆಗಬಹುದು. ಬೆಳಗಿನವರೆಗೆ ಕಾಯಬೇಡಿ, ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ" ಅಂದರು. ಆ ವಿಷಯ ನನಗೆ ಗೊತ್ತೇ ಇರಲಿಲ್ಲ. ಬಿಟ್ಟರೆ ಒಳ್ಳೇದಾಗುತ್ತೆ ಅಂತಷ್ಟೇ ಇಡೀ ಊರಿಗೆ ಗೊತ್ತು.

ಆಟೋ ಹುಡುಕುವಷ್ಟರಲ್ಲಿ ಫಿಟ್ಸ್ ಬಂತು.

ಎಮರ್ಜೆನ್ಸಿಯಲ್ಲಿ ಸಲೈನ್ ಹಾಕಿದರು, ಇಂಜೆಕ್ಷನ್ ಕೊಟ್ಟರು, ನಡುಕ ಇಳಿಯಿತು. ಇನ್ನೇನು ಕಣ್ಣು ಬಿಟ್ಟ ಅನ್ನುವಾಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ರಿಜಿಸ್ಟರ್ ಹಿಡಿದು ಬಂದರು. "ಕಲಬೆರಕೆ ಸೇಂದಿ ಅಲ್ವಾ? ಎಂಎಲ್‌ಸಿ ಮಾಡಬೇಕಾಗುತ್ತೆ. ಪೊಲೀಸರಿಗೆ ಒಂದು ಮಾಹಿತಿ ಹೋಗುತ್ತೆ, ಅಷ್ಟೇ." ಮೆಡಿಕೊ-ಲೀಗಲ್ ಕೇಸು ಅಂತ, ಅವರ ಪಾಲಿಗೆ ಅದು ದಿನಾ ಬರೆಯುವ ಒಂದು ಸಾಲು. ವಿಷ ಸೇವನೆ ಅನುಮಾನ ಇದ್ದರೆ ಬರೆಯಲೇಬೇಕು. ತಮ್ಮನಿಗೆ ಕೇಳಿಸಿದ್ದು ಒಂದೇ ಶಬ್ದ, ಪೊಲೀಸ್. ಕೈಯ ಸೂಜಿ ಕಿತ್ತೆಸೆದು ಮಂಚದಿಂದ ಇಳಿದ. ನನ್ನ ಸೀರೆ ಸೆರಗಿಗೆ ರಕ್ತ ಚಿಮ್ಮಿತು. ಕಾಲಲ್ಲಿ ಬಲ ಇರಲಿಲ್ಲ, ಎರಡು ಹೆಜ್ಜೆಗೆ ಬಿದ್ದ, ಇಲ್ಲದಿದ್ದರೆ ಆ ಕತ್ತಲಲ್ಲಿ ಎಲ್ಲಿ ಹುಡುಕಬೇಕಿತ್ತೋ. ಆ ಸೀರೆ ಇನ್ನೂ ಇದೆ. ಕಲೆ ಹೋಗಿಲ್ಲ.

ಪೊಲೀಸರು ಬಂದು ಹೆಸರು ಕೇಳಿಕೊಂಡು ಹೋದರು, ಅಷ್ಟೇ. ಆದರೆ ಎರಡು ದಿನ ಅವನು ಯಾವ ಡಾಕ್ಟರಿಗೂ ಗಾಂಜಾ ವಿಷಯ ಹೇಳಲಿಲ್ಲ. ಜಾಮೀನಿನ ಮೇಲೆ ಇರುವವನು "ಹೋದ ವಾರ ಸೇದಿದೆ" ಅಂತ ಆಸ್ಪತ್ರೆ ಕಾಗದದಲ್ಲಿ ಬರೆಸಿಕೊಳ್ಳುತ್ತಾನಾ? ನಾನಾದರೂ ಬರೆಸಿಕೊಳ್ಳುತ್ತಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ವಿವರ ಗುಟ್ಟಾಗಿಡಬೇಕು ಅಂತ ಹೇಳುತ್ತದೆ, 23ನೇ ಕಲಂ. ಅದನ್ನು ಅವನಿಗೆ ಆ ಹೊತ್ತಿಗೆ ಹೇಳುವವರು ಯಾರು?

ಶನಿವಾರ ಬಿಟ್ಟು ಕಳಿಸಿದರು. ಮನೋವೈದ್ಯ ವಿಭಾಗದಲ್ಲಿ ಮಂಚ ಖಾಲಿ ಇಲ್ಲ, ಸೋಮವಾರ ಒಪಿಡಿಗೆ ಬನ್ನಿ, ಅಲ್ಲಿಯವರೆಗೆ ಈ ಮಾತ್ರೆ. ಡಯಾಜೆಪಾಮ್ ಬರೆದುಕೊಟ್ಟಿದ್ದರು. ಆ ಚೀಟಿ ಹಿಡಿದು ಮೂರು ಮೆಡಿಕಲ್ ಶಾಪ್ ತಿರುಗಿದೆ. ಮೊದಲನೆಯವರು ಇಂಥ ಮಾತ್ರೆ ಇಡೋದೇ ಇಲ್ಲ ಅಂದರು. ಎರಡನೆಯವರು ಡಾಕ್ಟರ್ ಸೀಲ್ ಇಲ್ಲ, ರಿಜಿಸ್ಟ್ರೇಷನ್ ನಂಬರ್ ಇಲ್ಲ ಅಂದರು. ನಿಜ, ಇರಲಿಲ್ಲ. 2014ರಿಂದ ಇವೆಲ್ಲ ನಿಗಾ ಇಟ್ಟು ಮಾರಬೇಕಾದ ಔಷಧಗಳ ಪಟ್ಟಿಯಲ್ಲಿವೆ, ಶೆಡ್ಯೂಲ್ ಎಚ್‌1. ಯಾರು ಬರೆದರು, ಯಾರು ತಗೊಂಡರು ಅಂತ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಮೂರನೆಯವರು ಪಾಪ, ತಮ್ಮನನ್ನು ಒಂದು ಸಲ ನೋಡಿ, "ನಿಮಗೇ ಅಲ್ಲಾ ಇದು? ನಾಳಿ ಇನ್ಸ್‌ಪೆಕ್ಟರ್ ಬಂದ್ರ ನಾ ಏನ್ ಹೇಳ್ಲಿ?" ಅಂದರು.

ನಿಯಮ ಇರಬೇಕು, ನನಗೂ ಗೊತ್ತು. ಇಂಥ ಮಾತ್ರೆಯಿಂದ ಹಾಳಾದವರೂ ಇದ್ದಾರೆ. ಆದರೆ ನಿದ್ದೆ ಪೌಡರ್ ಬೆರೆಸಿದ ಬಾಟಲಿ ತರೋಕೆ ಯಾವ ಚೀಟಿಯೂ ಬೇಡ, ಅದರಿಂದ ಬಿಡಿಸುವ ಮಾತ್ರೆಗೆ ಮೂರು ಅಂಗಡಿ, ಒಂದು ಸೀಲು, ಒಂದು ಪುಸ್ತಕ. ಮತ್ತೆ ಆಸ್ಪತ್ರೆಗೆ ಹೋಗಿ ಸೀಲ್ ಹಾಕಿಸಿಕೊಂಡು ಬಂದೆ.

ಸೋಮವಾರ ಒಪಿಡಿಯಲ್ಲಿ ಮನೋವೈದ್ಯರು ಚೆನ್ನಾಗಿ ಮಾತಾಡಿಸಿದರು. ಅಡ್ಮಿಟ್ ಮಾಡೋಣ ಅಂತ ಬರೆದರು. ತೊಡಕು ಶುರುವಾಗಿದ್ದು ಕೆಳಗಿನ ಕೌಂಟರಿನಲ್ಲಿ. ಆಧಾರ್‌ನಲ್ಲಿ ತಾಂಡೂರಿನ ವಿಳಾಸ ಇದೆ, ತೆಲಂಗಾಣದವರಲ್ವಾ ಅಂದರು. ರೇಷನ್ ಕಾರ್ಡ್ ತೋರಿಸಿದೆ. ಆಮೇಲೆ ಅಪ್ಪ ಎಲ್ಲಿ? ತೀರಿಕೊಂಡಿದ್ದಾರೆ. ಹೆಂಡತಿ? ತವರಿಗೆ ಹೋಗಿ ಎರಡು ವರ್ಷ. "ಗಂಡಸರು ಯಾರೂ ಇಲ್ವಾ? ಗಾರ್ಡಿಯನ್ ಸಹಿ ಬೇಕಲ್ರೀ." ನಾನು ಸಹಿ ಮಾಡ್ತೀನಿ ಅಂದೆ. ಮದುವೆಯಾದ ಅಕ್ಕ ಬೇರೆ ಮನೆಯವಳು, ತಾಯಿಯನ್ನಾದರೂ ಕರೆದುಕೊಂಡು ಬನ್ನಿ ಅಂದರು. ಅವ್ವನಿಗೆ ಮೊಣಕಾಲು ನೋವು, ಊರಿಂದ ಬಸ್ಸಲ್ಲಿ ಬರಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆಮೇಲೆ ಆ ಮಾನಸಿಕ ಆರೋಗ್ಯ ಕಾಯ್ದೆಯನ್ನು ಕೂತು ಓದಿದೆ. ನಾನು ಒಂದು ಶಾಲೆಯಲ್ಲಿ ಲೆಕ್ಕ ಬರೆಯುವವಳು, ವಕೀಲಳಲ್ಲ, ಆದರೆ ಓದಿದರೆ ಅರ್ಥವಾಗದಷ್ಟು ಕಷ್ಟವೇನಿಲ್ಲ. ಕುಡಿತ ಮತ್ತು ಮಾದಕ ವಸ್ತುವಿನಿಂದ ಬರುವ ಮನಸ್ಸಿನ ತೊಂದರೆಯೂ ‘ಮಾನಸಿಕ ಕಾಯಿಲೆ’ಯ ಒಳಗೇ ಬರುತ್ತದೆ ಅಂತ ಮೊದಲಲ್ಲೇ ಬರೆದಿದ್ದಾರೆ. 86ನೇ ಕಲಂ ಪ್ರಕಾರ, ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕ ತಾನೇ ಬಂದು ನನ್ನನ್ನು ಸೇರಿಸಿಕೊಳ್ಳಿ ಅಂದರೆ, ಸಂಬಂಧಿಕರ ಒಪ್ಪಿಗೆ ಬೇಕು, ಅವರು ಹಾಜರಿರಬೇಕು ಅಂತ ಆಸ್ಪತ್ರೆ ಕೇಳುವಂತಿಲ್ಲ. ಮೂವತ್ತೆರಡು ವರ್ಷದ ಗಂಡಸು ಕೌಂಟರ್ ಎದುರು ನಿಂತು "ನಾನೇ ಬಂದೀನ್ರೀ, ನಾನೇ ಸಹಿ ಮಾಡ್ತೀನಿ" ಅಂತ ಎರಡು ಸಲ ಹೇಳಿದ. ಕಾನೂನು ಕೇಳೋದೂ ಅಷ್ಟನ್ನೇ. ಕೌಂಟರಿನಲ್ಲಿ ಇದ್ದದ್ದು ಹಳೇ ಫಾರಂ, ಅದರಲ್ಲಿ ‘ಪೋಷಕರ ಸಹಿ’ ಅಂತ ಒಂದು ಗೆರೆ. ಆ ಗೆರೆ ಖಾಲಿ ಇತ್ತು.

ಗುರುವಾರ ತಾಯಿ ಸಮೇತ ಬನ್ನಿ, ಮಂಚವೂ ಆಗ ಖಾಲಿಯಾಗಬಹುದು ಅಂದರು.

ಅವತ್ತು ಸಂಜೆ ಖಾಸಗಿಯಲ್ಲಾದರೂ ಸೇರಿಸೋಣ ಅಂತ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದೆ. ಅವನ ಹೆಸರಲ್ಲಿ ಎರಡು ವರ್ಷದಿಂದ ಕಂತು ಕಟ್ಟುತ್ತಿದ್ದೆ. ಆ ಹುಡುಗಿ ಕಾಗದ ನೋಡಿಯೇ ಓದಿದಳು: ಕುಡಿತ, ಮಾದಕ ವಸ್ತು, ಯಾವುದೇ ಚಟದ ಚಿಕಿತ್ಸೆ ಹೊರಗೆ, ಎಕ್ಸ್‌ಕ್ಲೂಷನ್ 12. ಅದು ಆ ಕಂಪನಿ ತಾನೇ ಕಟ್ಟಿದ ಮಾತಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವೇ 2019ರಲ್ಲಿ ಎಲ್ಲ ಕಂಪನಿಗಳಿಗೂ ಸಿದ್ಧ ಮಾಡಿಕೊಟ್ಟ ಒಕ್ಕಣೆ. ಅತ್ತ ಅದೇ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಂ, ಮೈಯ ಕಾಯಿಲೆಗೆ ಕೊಟ್ಟಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅನ್ನುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ತಲೆ ತಿರುಗುತ್ತೆ. ಬಿಡಿ.

ಹಾಗಂತ ಖಾಸಗಿ ಕೇಂದ್ರ ಅಂದರೆ ನನಗೆ ಭಯವೂ ಇತ್ತು. ಮೂರು ವರ್ಷದ ಹಿಂದೆ ಊರ ಹೊರಗಿನ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದ್ದೆವು. ತಿಂಗಳಿಗೆ ಹನ್ನೆರಡು ಸಾವಿರ. ರಾತ್ರಿ ಹೊತ್ತು ಬಂದು ಕೈಕಾಲು ಕಟ್ಟಿ ಒಯ್ದರು. ಆಗ ನಮಗೆ ಅದೇ ಸರಿ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಡಾಕ್ಟರು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರಂತೆ. ಮೂರು ತಿಂಗಳಾದ ಮೇಲೆ ಬಿಟ್ಟರು, ನಾಲ್ಕನೇ ದಿನ ಕುಡಿದ. ‘ಒಪ್ಪಿಗೆ’ ಅನ್ನೋ ಶಬ್ದ ಆಗ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ.

ಮಂಗಳವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ತಮ್ಮ ಇರಲಿಲ್ಲ. ಕಪಾಟಿನಲ್ಲಿ ಇಟ್ಟಿದ್ದ ಮುನ್ನೂರು ರೂಪಾಯಿಯೂ ಇರಲಿಲ್ಲ. ಅವನು ಒಪ್ಪಿ ಆರು ದಿನವಾಗಿತ್ತು. ಊರಲ್ಲಿ ಡಾಕ್ಟರ್ ಬರುವ ದಿನವೂ ಅದೇ. ನಾವು ಅಲ್ಲಿ ಇರಲಿಲ್ಲ.

2019ರಲ್ಲಿ ದೆಹಲಿ ಏಮ್ಸ್‌ನವರು ಕೇಂದ್ರ ಸರ್ಕಾರಕ್ಕೆ ಕೊಟ್ಟ ಸಮೀಕ್ಷೆಯಲ್ಲಿ, ಕುಡಿತಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ ಅಂತ ಇದೆ. ಆಸ್ಪತ್ರೆಯಲ್ಲಿ ಸೇರಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಮೊದಲ ಸಲ ಓದಿದಾಗ ಉಳಿದವರೆಲ್ಲ ಯಾಕೆ ಹೋಗಲ್ಲ ಅಂತ ಅನ್ನಿಸಿತ್ತು. ಈಗ ಅನ್ನಿಸೋದು, ಹೋದವರಲ್ಲಿ ಎಷ್ಟು ಜನ ಚೀಟಿ ಹಿಡಿದು ವಾಪಸ್ ಬಂದಿದ್ದಾರೋ.

ಶನಿವಾರ ಅವನೇ ಫೋನ್ ಮಾಡಿದ. ನಾಚಿಕೆಯಿಂದ ಮಾತು ಬರುತ್ತಿರಲಿಲ್ಲ. ಭಾನುವಾರ ಅವ್ವನನ್ನೂ ಅವನನ್ನೂ ಕಾರು ಮಾಡಿ ಕರೆಸಿದೆ. ಸೋಮವಾರ ಅವ್ವ ಆ ಗೆರೆ ಮೇಲೆ ಹೆಬ್ಬೆಟ್ಟು ಒತ್ತಿದಳು. ಮಂಚ ಸಿಕ್ಕಿತು.

ಅಲ್ಲೂ ಒಂದು ಗಂಟು. ಗಂಡಸರ ವಾರ್ಡು, ರಾತ್ರಿ ಜೊತೆಗಿರೋಕೆ ಗಂಡಸೇ ಬೇಕು. ಚಿಕ್ಕಪ್ಪನ ಮಗ ಕಲ್ಲು ಗಣಿ ಕೆಲಸ ಬಿಟ್ಟು ಬಂದ. ಅವನ ಕೂಲಿ ಹೋಗುತ್ತಲ್ಲ, ದಿನಕ್ಕೆ ಮುನ್ನೂರು ಕೊಟ್ಟೆ, ಊಟ ಬೇರೆ. ಆಸ್ಪತ್ರೆಯ ಬಿಲ್ಲಿಗಿಂತ ಜಾಸ್ತಿ ಖರ್ಚು ಅದಕ್ಕೇ ಆಯಿತು.

ಮೂರು ವಾರ ಇರಬೇಕು ಅಂದಿದ್ದರು ಡಾಕ್ಟರು. ಒಂಬತ್ತನೇ ದಿನ ಕೋರ್ಟಿನ ತಾರೀಖು ಇತ್ತು. ನನಗೆ ಮರೆತೇ ಹೋಗಿತ್ತು. ನೆನಪಾಗಿದ್ದು ಏಳನೇ ದಿನ.

ವಕೀಲರಿಗೆ ಫೋನ್ ಮಾಡಿದರೆ, "ಅಡ್ಮಿಟ್ ಆಗಿದ್ದಾನಾ? ಮೊದಲೇ ಹೇಳಬಾರದಾ? 64ಎ ಹಾಕಬಹುದಿತ್ತಲ್ಲ" ಅಂದರು. ಕೇಸು ನಡೆದು ಒಂದು ವರ್ಷ, ಆ ನಂಬರ್ ಅವರ ಬಾಯಿಂದ ಬಂದದ್ದು ಅದೇ ಮೊದಲು. ಅದೇ ಎನ್‌ಡಿಪಿಎಸ್ ಕಾಯ್ದೆಯ ಒಳಗೇ ಇದೆ. ಸೇವನೆಯ ಕೇಸು ಅಥವಾ ಕಡಿಮೆ ಪ್ರಮಾಣದ ಕೇಸು ಇರುವ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಬಂದರೆ ಅವನ ಮೇಲೆ ಆ ಕೇಸು ನಡೆಸುವಂತಿಲ್ಲ. ಚಿಕಿತ್ಸೆ ಸರ್ಕಾರ ಇಲ್ಲವೇ ಸ್ಥಳೀಯ ಸಂಸ್ಥೆ ನಡೆಸುವ ಅಥವಾ ಮಾನ್ಯ ಮಾಡಿದ ಕಡೆ ಆಗಿರಬೇಕು. ಪೂರ್ತಿ ತಗೊಳ್ಳದಿದ್ದರೆ ಈ ರಕ್ಷಣೆ ವಾಪಸ್ ಹೋಗಬಹುದು. ಅಂದರೆ ಅವನು ಹಿತ್ತಲಲ್ಲಿ ಅಡಗಿ ಕೂರುತ್ತಿದ್ದ ಅಷ್ಟೂ ದಿನ, ಆಸ್ಪತ್ರೆಗೆ ಹೋಗೋದೇ ಕೇಸಿನಿಂದ ಹೊರಗೆ ಬರುವ ದಾರಿಯಾಗಿತ್ತು. ಠಾಣೆಯಲ್ಲಿ, ಕೋರ್ಟಿನಲ್ಲಿ, ಆಸ್ಪತ್ರೆಯಲ್ಲಿ, ಯಾರೂ ಹೇಳಲಿಲ್ಲ.

ಈಗ ನೋಡಿ. ಒಂಬತ್ತನೇ ದಿನ ಕೋರ್ಟಿಗೆ ಹೋಗದಿದ್ದರೆ ವಾರಂಟ್. ಆಸ್ಪತ್ರೆ ಬಿಟ್ಟು ಹೋದರೆ ಚಿಕಿತ್ಸೆ ಅರ್ಧಕ್ಕೆ ನಿಂತ ಲೆಕ್ಕ. ಹಾಜರಾತಿ ವಿನಾಯಿತಿ ಕೇಳೋಣ, ಆಸ್ಪತ್ರೆಯಿಂದ ಪತ್ರ ತನ್ನಿ ಅಂದರು ವಕೀಲರು. ಜೊತೆಗೆ ಇನ್ನೊಂದು ಮಾತು: "ಪತ್ರದಲ್ಲಿ ಗಾಂಜಾ ಅಂತ ಇರಬೇಕು. ಬರೀ ಸೇಂದಿ ಅಂತ ಇದ್ದರೆ ಉಪಯೋಗಕ್ಕೆ ಬರಲ್ಲ." ಆ ಕಾಯ್ದೆಯಲ್ಲಿ ವ್ಯಸನಿ ಅಂದರೆ ಮಾದಕ ವಸ್ತು ಅಥವಾ ಮನಸ್ಸಿನ ಮೇಲೆ ಕೆಲಸ ಮಾಡುವ ವಸ್ತುಗಳ ಪಟ್ಟಿಯಲ್ಲಿರುವುದಕ್ಕೆ ಅಂಟಿಕೊಂಡವನು. ಅವನಿಗೆ ಫಿಟ್ಸ್ ತರಿಸಿದ್ದು ಸೇಂದಿ. ಅವನನ್ನು ಕಟಕಟೆಗೆ ತಂದದ್ದು ಗಾಂಜಾ. ಕಾನೂನಿಗೆ ಬೇಕಾದ ರೋಗ ಒಂದು, ಮೈಯಲ್ಲಿ ಎದ್ದು ಕಾಣುವ ರೋಗ ಇನ್ನೊಂದು.

ಡಾಕ್ಟರ ಹತ್ತಿರ ಹೋಗಿ ಹೀಗೆ ಬರೆದುಕೊಡಿ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ. ಸುಮ್ನೆ ಎಲ್ಲ ವಿಷಯ ಹೇಳಿದೆ. ಅವರು ಮುಖ ಗಂಟಿಕ್ಕಿದರು. "ವಕೀಲರಿಗೆ ಬೇಕು ಅಂತ ನಾನು ಬರೆಯಲ್ಲ. ಇದ್ದರೆ ಬರೀತೀನಿ." ತಮ್ಮನನ್ನು ಒಳಗೆ ಕರೆದರು. ನಾನು ಹೊರಗೆ ಬೆಂಚಿನ ಮೇಲೆ. ಮುಕ್ಕಾಲು ಗಂಟೆ ಆಯಿತು. ನೀವು ಹೇಳಿದ್ದು ನಿಮ್ಮ ಅನುಮತಿ ಇಲ್ಲದೆ ಹೊರಗೆ ಹೋಗಲ್ಲ ಅಂತ ಮೊದಲು ಹೇಳಿದರಂತೆ, ಆಮೇಲೆ ಕೇಳಿದರಂತೆ. ನಾಲ್ಕು ವರ್ಷದಿಂದ ದಿನಾ ಸೇದುತ್ತಿದ್ದ, ಸೇದದೆ ಊಟ ಇಳಿಯುತ್ತಿರಲಿಲ್ಲ, ಬಿಡೋಕೆ ನೋಡಿ ಐದಾರು ಸಲ ಸೋತಿದ್ದ. ಇದ್ಯಾವುದೂ ನನಗೂ ಗೊತ್ತಿರಲಿಲ್ಲ. ಡಾಕ್ಟರು ಎರಡೂ ಬರೆದರು, ಮೊದಲು ಸೇಂದಿ, ಕೆಳಗೆ ಗಾಂಜಾ.

ಪತ್ರಕ್ಕೆ ಮೇಲಿನವರ ಸಹಿ ಬೇಕಿತ್ತು, ಅವರು ರಜೆ. ಎಂಟನೇ ದಿನ ಸಂಜೆ ಐದಕ್ಕೆ ಸಹಿ ಆಯಿತು. ವಿವರ ಕೋರ್ಟಿಗೆ ಕೊಡಲು ಒಪ್ಪಿಗೆ ಇದೆ ಅಂತ ತಮ್ಮನೂ ಸಹಿ ಹಾಕಿದ. ಪೆನ್ನು ಹಿಡಿದ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ನಾಲಿಗೆ ಕಚ್ಚಿಕೊಂಡು, ಒಂದನೇ ಕ್ಲಾಸಿನ ಹುಡುಗನ ಹಾಗೆ ಬರೆದ. ಮರುದಿನ ಕೋರ್ಟಿನಲ್ಲಿ ಅರ್ಜಿ ಕೊಟ್ಟಾಗ ಅಲ್ಲಿಯವರು ಜಾಮೀನು ಬಾಂಡ್ ತೆಗೆದು ಪಕ್ಕದಲ್ಲಿ ಇಟ್ಟರು. "ಸಹಿ ಹೊಂದ್ತಿಲ್ಲಲ್ರೀ." ಬಾಂಡಿನ ಸಹಿ ಸರಾಗವಾಗಿತ್ತು, ಅವತ್ತು ಅವನು ಕುಡಿದಿದ್ದ. ಈ ಸಹಿ ಕುಡಿಯದೆ ಹಾಕಿದ್ದು. ಅದನ್ನು ಹೇಗೆ ಬಿಡಿಸಿ ಹೇಳೋದು ಅಂತ ಯೋಚಿಸುವಷ್ಟರಲ್ಲಿ ವಕೀಲರೇ, "ಪೇಷಂಟ್ ಇದಾನ್ರೀ, ಕೈ ನಡುಗ್ತದ" ಅಂದರು. ಒಳಗೆ ನ್ಯಾಯಾಧೀಶರು ಪತ್ರವನ್ನು ಪೂರ್ತಿ ಓದಿದರು. ವಿನಾಯಿತಿ ಕೊಟ್ಟರು. ಚಿಕಿತ್ಸೆ ಮುಗಿದ ಮೇಲೆ ಪೂರ್ತಿ ವರದಿ ತನ್ನಿ, 64ಎ ಅರ್ಜಿ ಆಗ ನೋಡೋಣ ಅಂದರು.

ಇಪ್ಪತ್ತೊಂದು ದಿನ ಇದ್ದ. ಈಗ ನಾಲ್ಕು ತಿಂಗಳಾಗಿದೆ. ನಡುವೆ ಒಂದು ಸಲ ಜಾರಿದ, ಎರಡು ದಿನ. ಮೂರನೇ ದಿನ ತಾನೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಹೇಳಿಕೊಂಡ. ಅದೃಷ್ಟಕ್ಕೆ ಅವತ್ತು ಮಂಗಳವಾರ. ಆ ಎರಡು ದಿನ ಜಾರಿದ್ದು ‘ಪೂರ್ತಿ ಚಿಕಿತ್ಸೆ’ಯ ಒಳಗೆ ಬರುತ್ತೋ ಹೊರಗೋ ಅಂತ ವಕೀಲರನ್ನು ಕೇಳಿದೆ. ಕಾಯ್ದೆಯಲ್ಲಿ ಇಷ್ಟು ದಿನ ಅಂತ ಬರೆದಿಲ್ಲ, ನೀವು ಸುಮ್ನಿರಿ ಅಂದರು.

ವರದಿ ಕೊಟ್ಟಿದ್ದೇವೆ. ಸರ್ಕಾರಿ ಪರ ವಕೀಲರು ಆಕ್ಷೇಪಣೆ ಸಲ್ಲಿಸೋಕೆ ಸಮಯ ಕೇಳಿದ್ದಾರೆ. ಪ್ಲಾಸ್ಟಿಕ್ ಫೈಲಿನಲ್ಲಿ ಈಗ ನಲವತ್ತು ಝೆರಾಕ್ಸ್ ಕಾಗದ ಇವೆ. ಬಸ್ಸಲ್ಲಿ ಅದನ್ನು ತಮ್ಮನೇ ತೊಡೆ ಮೇಲೆ ಇಟ್ಟುಕೊಳ್ಳುತ್ತಾನೆ, ನನಗೆ ಕೊಡಲ್ಲ.

ಮುಂದಿನ ತಾರೀಖು ಬರೆದುಕೊಂಡು ಕೋರ್ಟಿನ ಹೊರಗೆ ಚಹಾ ಕುಡಿಯುತ್ತಾ ಮೊಬೈಲಿನಲ್ಲಿ ಕ್ಯಾಲೆಂಡರ್ ನೋಡಿದೆ. ಮಂಗಳವಾರ. ಊರಲ್ಲಿ ಅವನ ಡಾಕ್ಟರ್ ಬರುವ ದಿನ, ಮಾತ್ರೆ ಮುಗಿಯುವ ದಿನವೂ ಅದೇ. "ಮಧ್ಯಾಹ್ನದೊಳಗ ಕೋರ್ಟ್ ಆದ್ರ ಒಂದೂವರಿ ಬಸ್ ಸಿಗ್ತದ ಅಕ್ಕಾ" ಅಂದ ಅವನು. ಆಮೇಲೆ ಬೆರಳಲ್ಲಿ ಎಣಿಸಿ, ಇಲ್ಲ, ಸಿಗಲ್ಲ ಅಂದ.